ಆ ಪತ್ರ ಟ್ರಂಕಿಗೆ ಹಾಕಬೇಡಿ

ಸೈನ್ಯದಿಂದ ಮೊಣಕಾಲು ನೋವೋ, ಕಿವುಡೋ, ಬಿ.ಪಿ.ಯೋ ಹೊತ್ತು ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಗೆ ಮರಳಿದ ಅಣ್ಣಂದಿರೇ, ‘ಈ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ, ಅಂಗವೈಕಲ್ಯ ಪಿಂಚಣಿ ಇಲ್ಲ’ ಎಂಬ ಪತ್ರ ಬಂದರೆ ಅದೇ ಕೊನೆಯ ಮಾತೆಂದು ಕೂರಬೇಡಿ. ಭರ್ತಿಯ ಹೊತ್ತಿನ ದಾಖಲೆಯಲ್ಲಿ ಆ ಕಾಯಿಲೆ ಇರಲಿಲ್ಲವೇ? ಹಾಗಾದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2023ರಲ್ಲಿ ಹೊಸ ನಿಯಮಗಳು ಬಂದಿವೆ, ಯಾವ ನಿಯಮ ನಿಮಗೆ ಅನ್ವಯ ಎಂಬುದು ನಿವೃತ್ತಿಯ ದಿನದ ಮೇಲಿದೆ. ಹಾಗಾಗಿ ವಕೀಲರಿಗೆ ನಿವೃತ್ತಿಯ ದಿನಾಂಕವನ್ನೇ ಮೊದಲು ಹೇಳಿ.

ಮೆಡಿಕಲ್ ಬೋರ್ಡ್ ವರದಿಯ ನಕಲನ್ನು ರೆಕಾರ್ಡ್ ಆಫೀಸಿನಿಂದ ತರಿಸಿಕೊಳ್ಳಿ. ಇಡೀ ಕೇಸು ನಿಲ್ಲುವುದು ಆ ಕಾಗದದ ಮೇಲೆ. ಆ ಪತ್ರದ ವಿರುದ್ಧ ಸೈನ್ಯಕ್ಕೆ ಸಲ್ಲಿಸಿದ ಮೇಲ್ಮನವಿಯೂ ತಿರಸ್ಕೃತವಾದರೆ 6 ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಹೋಗಬಹುದು. ತಡವಾಗಿದ್ದರೂ ಕೈಚೆಲ್ಲಬೇಡಿ: ಪಿಂಚಣಿ ತಿಂಗಳು ತಿಂಗಳಿನ ಹಕ್ಕು, ಹಿಂಬಾಕಿ ಮಾತ್ರ ಸಾಮಾನ್ಯವಾಗಿ 3 ವರ್ಷದ್ದಷ್ಟೇ ಸಿಗುತ್ತದೆ.

ಫೀಸಿನ ಚಿಂತೆಯೇ? ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ, ಶಹಾಪುರ, ಸುರಪುರ ಕೋರ್ಟಿನ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೋ ಅರ್ಜಿ ಕೊಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಯೋಧರನ್ನು ಕಳೆದುಕೊಂಡ ನಮ್ಮ ಅಕ್ಕತಂಗಿಯರಿಗೆ ಆದಾಯ ಕೇಳದೆ ಉಚಿತ ವಕೀಲರು ಸಿಗುತ್ತಾರೆ. ಹೋಗಲಾಗದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.