ರಾತ್ರಿ ಎಬ್ಬಿಸುವ ಕತ್ತು ನೋವನ್ನು ಕಡೆಗಣಿಸಬೇಡ

ಗೌರಿಬಿದನೂರು

 

ನಿನ್ನ ಕತ್ತು ನೋವು ತಿಂಗಳುಗಟ್ಟಲೆಯಾದರೂ ಬಿಟ್ಟಿಲ್ಲ ಎಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಶಿಡ್ಲಘಟ್ಟದಲ್ಲಿ ಎಲ್ಲರೂ ಒಂದೇ ಕಾರಣ ಹೇಳುತ್ತಿದ್ದಾರಂತೆ: ಬೆಳಿಗ್ಗೆ ರೀಲಿಂಗ್ ಶೆಡ್ಡಿನಲ್ಲಿ ಬಿಸಿನೀರಿನ ಮುಂದೆ ಬಗ್ಗಿ ರೇಷ್ಮೆ ಗೂಡಿನ ಎಳೆ ಹಿಡಿಯುತ್ತಾನೆ, ರಾತ್ರಿ ಮೊಬೈಲ್ ನೋಡುತ್ತಾನೆ, ಅದಕ್ಕೇ ನೋವು ಅಂತ. ಆ ಮಾತು ಸುಳ್ಳಲ್ಲ, ಹೆಚ್ಚಿನವರ ಕತ್ತು ನೋವು ಅಂಥದ್ದೇ. ಆದರೆ ಬಗ್ಗಿ ದುಡಿದು ಬಂದ ನೋವು ಮಲಗಿದರೆ ತಗ್ಗುತ್ತದೆ. ನಿನ್ನದು ಮಲಗಿದ ಮೇಲೆ ಏರುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಒಂದು ನೋವಿನ ಮಾತ್ರೆ ನುಂಗಿದರೆ ಮಾಯವಾಗುತ್ತದೆ. ಅದನ್ನು ಕೇಳಿಯೇ ಈ ಕಾಗದ ಬರೆಯುತ್ತಿದ್ದೇನೆ.

10ರಿಂದ 25ರ ವಯಸ್ಸಿನವರಲ್ಲಿ, ಹುಡುಗಿಯರಿಗಿಂತ ಹುಡುಗರಲ್ಲೇ ಹೆಚ್ಚಾಗಿ, ಮೂಳೆಯೊಳಗೆ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಗಡ್ಡೆ ಹುಟ್ಟುವುದುಂಟು. 1935ರಲ್ಲಿ ಅಮೆರಿಕದ ಹೆನ್ರಿ ಜಾಫೆ ಎಂಬ ವೈದ್ಯರು ಇದನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿದರು. ಇದು ಕ್ಯಾನ್ಸರ್ ಅಲ್ಲ, ಮೈಗೆಲ್ಲ ಹರಡುವುದಿಲ್ಲ. ಇದರ ತಿರುಳು ಒಂದು ಅವರೆಕಾಳಿನಷ್ಟು. ಆದರೂ ಅದು ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕವನ್ನು ಧಾರಾಳವಾಗಿ ಹೊರಸೂಸಿ ನೋವೆಬ್ಬಿಸುತ್ತದೆ. ಆಸ್ಪಿರಿನ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಅದನ್ನೇ ತಡೆಯುವುದರಿಂದ ನೋವು ಬೇಗ ಅಡಗುತ್ತದೆ. ಎರಡು ಸೆಂಟಿಮೀಟರ್ ಮೀರಿ ಬೆಳೆಯುವ ಆಸ್ಟಿಯೋಬ್ಲಾಸ್ಟೋಮಾ ಎಂಬ ಇನ್ನೊಂದು ಗಡ್ಡೆಯಿದೆ. ಅದು ಬೆನ್ನುಮೂಳೆಯಲ್ಲೇ ಹೆಚ್ಚು, ಮಾತ್ರೆಗೆ ಅಷ್ಟಾಗಿ ಬಗ್ಗದು, ನರಗಳನ್ನೂ ಒತ್ತಬಲ್ಲದು.

ಎಕ್ಸ್‌ರೇ ನಾರ್ಮಲ್ ಬಂತೆಂದು ಸುಮ್ಮನಾಗಬೇಡ. ನಮ್ಮದಿನ್ನೂ ಕೋಲಾರ ಜಿಲ್ಲೆಯಾಗಿದ್ದ ಕಾಲದಿಂದ ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಎಕ್ಸ್‌ರೇ ತೆಗೆದವನು ಹೇಳುತ್ತಿದ್ದೇನೆ. ಕತ್ತಿನ ಫಿಲ್ಮನ್ನು ಬೆಳಕಿಗೆ ಹಿಡಿದರೆ ಏಳು ಮೂಳೆಗಳ ಹಿಂಬದಿಯ ಕಮಾನು, ಕೀಲುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಮೇಲೆ ದವಡೆಯ ನೆರಳು, ಕೆಳಗೆ ಭುಜದ ನೆರಳು. ಈ ಗಡ್ಡೆ ಹೆಚ್ಚಾಗಿ ಕೂರುವುದು ಆ ಹಿಂಬದಿಯಲ್ಲೇ, ಹಾಗಾಗಿ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ಸಿ.ಟಿ. ಸ್ಕ್ಯಾನ್ ಮೂಳೆಯನ್ನು ಪದರ ಪದರವಾಗಿ ತೋರಿಸುತ್ತದೆ. ನರ, ಬೆನ್ನುಹುರಿ ನೋಡಲು ಎಂ.ಆರ್.ಐ. ಬೇಕು, ಗಡ್ಡೆಯ ತಿರುಳು ಹುಡುಕಲು ಸಿ.ಟಿ.ಯೇ ಮೇಲು.

ಇದು ಗುಣವಾಗುವ ಕಾಯಿಲೆ ಕಣಪ್ಪ. ಕೆಲವರಲ್ಲಿ ವರ್ಷಗಳು ಕಳೆದು ತಾನೇ ಅಡಗುತ್ತದೆ. ಇಲ್ಲದಿದ್ದರೆ ಸೂಜಿ ತೂರಿಸಿ ರೇಡಿಯೋ ತರಂಗದ ಶಾಖದಿಂದ ಸುಡುತ್ತಾರೆ. ನರ ತೀರ ಹತ್ತಿರವಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಹಾಗೇ ಬಿಟ್ಟರೆ ಬೆಳೆಯುವ ವಯಸ್ಸಿನಲ್ಲಿ ಕತ್ತು, ಬೆನ್ನು ಸೊಟ್ಟಗೆ ನಿಂತುಬಿಡುವ ಭಯವಿದೆ.

ನಿನಗೆ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಬೆನ್ನುಮೂಳೆಯ ಕ್ಷಯವೂ ರಾತ್ರಿ ನೋವು ತರುತ್ತದೆ. ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳು. ಯಾವುದೆಂದು ತೀರ್ಮಾನಿಸಬೇಕಾದವರು ಅವರು.

ಅಲ್ಲಿಯವರೆಗೆ ಸಲೂನಿನಲ್ಲಿ ಕತ್ತು ತಿರುವಿಸಿ ನೆಟಿಕೆ ತೆಗೆಸಬೇಡ. ಯಾರಿಂದಲೂ ಒತ್ತಿ ನೀವಿಸಿಕೊಳ್ಳಬೇಡ. ಮೆಡಿಕಲ್ ಸ್ಟೋರಿನಿಂದ ನೀನೇ ಮಾತ್ರೆ ತಂದು ದಿನವೂ ನುಂಗಬೇಡ, ಹೊಟ್ಟೆಗೂ ಕಿಡ್ನಿಗೂ ಕೇಡು. ಕೈಯಲ್ಲಿ ಬಲ ಕುಂದಿದರೆ, ನಡೆಯುವಾಗ ತೂರಾಡಿದರೆ, ಮೂತ್ರ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಖರ್ಚಿನ ಯೋಚನೆ ಬೇಡ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಿಗೆ ತೋರಿಸಿ, ಅವರು ಬರೆದುಕೊಟ್ಟರೆ ರೆಫರಲ್ ಚೀಟಿ ಹಿಡಿದು ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಗೋ ನಿಮ್ಹಾನ್ಸ್‌ಗೋ ಹೋಗೋಣ. ಸೋಮವಾರ ಕಾರ್ಡು, ಆಧಾರ್, ಹಳೆಯ ಎಕ್ಸ್‌ರೇ ಎಲ್ಲ ತೆಗೆದುಕೊಂಡು ಚಿಕ್ಕಬಳ್ಳಾಪುರದ ಬಸ್ ಹತ್ತು, ನಾನೂ ಇಲ್ಲಿಂದ ಬರುತ್ತೇನೆ. ಡಾಕ್ಟರ ಮುಂದೆ ಮೊದಲ ಮಾತಾಗಿ "ನೋವು ರಾತ್ರಿ ಎಬ್ಬಿಸುತ್ತದೆ" ಎಂದು ಹೇಳುವುದನ್ನು ಮಾತ್ರ ಮರೆಯಬೇಡ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ