ಬಣ್ಣದೊಳಗಿಂದ ಬಂದ ಔಷಧಿ

ದ್ವಿತೀಯ ಪಿಯುಸಿಯ ಅಮೀನ್ ಪಾಠದಲ್ಲಿ ಅಜೋ ಬಣ್ಣಗಳನ್ನು ಕಲಿಸುವಾಗ ನಾನು ರಬಕವಿ-ಬನಹಟ್ಟಿಯ ಮಕ್ಕಳ ಕಡೆ ನೋಡುತ್ತೇನೆ. ಮಗ್ಗದ ಮನೆಯವರಿಗೆ ನೂಲಿಗೆ ಬಣ್ಣ ಹಾಕುವುದು ಹೊಸದಲ್ಲ. ಆದರೆ ಬ್ಯಾಕ್ಟೀರಿಯಾ ಸೋಂಕಿಗೆ ಸಿಕ್ಕ ಮೊದಲ ಸಲ್ಫಾ ಔಷಧಿಯೂ ಒಂದು ಕೆಂಪು ಅಜೋ ಬಣ್ಣವೇ ಎಂದರೆ ಅವರೂ ಬೆರಗಾಗುತ್ತಾರೆ.

ಅದರ ಹೆಸರು ಪ್ರೊಂಟೊಸಿಲ್. ಜರ್ಮನಿಯಲ್ಲಿ ಕ್ಲಾರರ್ ಮತ್ತು ಮೀಟ್ಸ್ ಎಂಬ ರಸಾಯನಶಾಸ್ತ್ರಜ್ಞರು ತಯಾರಿಸಿದ ಈ ಬಣ್ಣವನ್ನು ಗೆರ್‌ಹಾರ್ಡ್ ಡೊಮಾಕ್ 1932ರಲ್ಲಿ ಸೋಂಕು ತಗುಲಿದ ಇಲಿಗಳಿಗೆ ಕೊಟ್ಟರು. ಇಲಿಗಳು ಬದುಕಿದವು. ಸೋಜಿಗವೆಂದರೆ ಪ್ರಯೋಗನಾಳದಲ್ಲಿ ಅದೇ ಬಣ್ಣ ಬ್ಯಾಕ್ಟೀರಿಯಾಕ್ಕೆ ಏನೂ ಮಾಡುತ್ತಿರಲಿಲ್ಲ. 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಗುಟ್ಟು ಬಿಡಿಸಿದರು: ದೇಹದೊಳಗೆ ಅಜೋ ಬಂಧ ಒಡೆದು ಸಲ್ಫನಿಲಮೈಡ್ ಹೊರಬರುತ್ತದೆ, ಕೆಲಸ ಮಾಡುವುದು ಅದು. ಬಣ್ಣವೇ ಇಲ್ಲದ ಆ ವಸ್ತುವನ್ನು 1908ರಲ್ಲೇ ತಯಾರಿಸಿದ್ದರು. ಹಾಗಾಗಿ ಯಾರು ಬೇಕಾದರೂ ಮಾಡಬಹುದಿತ್ತು.

ನಮ್ಮವರೂ ಮಾಡಿದರು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಕೆ. ಗಣಪತಿಯವರು ಹೊಸ ಹೊಸ ಸಲ್ಫಾ ಸಂಯುಕ್ತಗಳನ್ನು ತಯಾರಿಸಿ, ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನಮಾಲೆಯನ್ನೇ ಬರೆದರು. ಅದೇ ಸಂಸ್ಥೆಯಲ್ಲಿ ಸಾಹಿಬ್ ಸಿಂಗ್ ಸೋಖಿ ಮತ್ತು ಸಂಗಡಿಗರು 1940ರ ಸುಮಾರಿಗೆ ಸಲ್ಫಾಥಯಜೋಲ್‌ ಅನ್ನು ಪ್ಲೇಗಿಗೆ ಪರೀಕ್ಷಿಸಿದರು. ಆಗ ಜಮಖಂಡಿ, ಮುಧೋಳ ಸಂಸ್ಥಾನಗಳು; ಬೀಳಗಿ ಮುಂಬಯಿ ಪ್ರಾಂತ್ಯದ್ದು. ಹಾಫ್‌ಕಿನ್ ಲಸಿಕೆ ಇತ್ತು, ನಿಜ. ಆದರೆ ಗಡ್ಡೆ ಎದ್ದ ಮೇಲೆ ಕೊಡಲು ನಂಬಿಕೆಯ ಔಷಧಿ ಇರಲಿಲ್ಲ. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದೇ ಜನರಿಗೆ ಗೊತ್ತಿದ್ದ ದಾರಿ. ಅಂಥ ರೋಗಕ್ಕೆ ಗುಳಿಗೆ ಬಂತು ಎಂಬುದರ ತೂಕ ನಮಗೆ ಇಂದು ಸುಲಭವಾಗಿ ತಿಳಿಯದು.

“ಸರ್, ಸಲ್ಫಾ ಅಂದ್ರ ಗಂಧಕ ಏನ್ರಿ?” ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಅಣುವಿನಲ್ಲಿ ಗಂಧಕವಿದೆ, ಆದರೆ ಗಂಧಕದ ಪುಡಿ ತಿಂದರೆ ಸೋಂಕು ಹೋಗುವುದಿಲ್ಲ. ಕೆಲಸ ಮಾಡುವುದು ಅಣುವಿನ ಆಕಾರ. ಬ್ಯಾಕ್ಟೀರಿಯಾ ಪ್ಯಾರಾ ಅಮೈನೊ ಬೆಂಜೋಯಿಕ್ ಆಮ್ಲದಿಂದ ಫೋಲಿಕ್ ಆಮ್ಲದ ಬಗೆಯ ವಿಟಮಿನ್ ತಯಾರಿಸಿಕೊಳ್ಳುತ್ತದೆ. ಸಲ್ಫಾ ನೋಡಲು ಆ ಆಮ್ಲದಂತೆಯೇ ಇರುವುದರಿಂದ ಕಿಣ್ವ ಮೋಸಹೋಗುತ್ತದೆ. ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುತ್ತದೆ. ಉಳಿದದ್ದನ್ನು ನಮ್ಮ ರೋಗನಿರೋಧಕ ಶಕ್ತಿ ಮುಗಿಸುತ್ತದೆ. ನಮ್ಮ ದೇಹ ಫೋಲಿಕ್ ಆಮ್ಲವನ್ನು ತಯಾರಿಸುವುದೇ ಇಲ್ಲ, ತಪ್ಪಲ ಪಲ್ಯ, ಕಾಳುಗಳಿಂದ ಪಡೆಯುತ್ತದೆ. ಆದ್ದರಿಂದ ಆ ಪೆಟ್ಟು ನಮಗೆ ತಾಗದು.

ಕಿಣ್ವದ ಆಕಾರ ತುಸು ಬದಲಾದ ಬ್ಯಾಕ್ಟೀರಿಯಾ ಮೋಸಹೋಗುವುದಿಲ್ಲ. ಔಷಧಿಯ ನಡುವೆ ಬದುಕಿ ಬೆಳೆಯುವುದು ಅದೇ. ಹಾಗಾಗಿಯೇ ಇಂದು ಸಲ್ಫಾವನ್ನು ಒಂಟಿಯಾಗಿ ಕೊಡುವುದು ಕಡಿಮೆ. ಕೋ-ಟ್ರೈಮಾಕ್ಸಜೋಲ್ ಗುಳಿಗೆಯಲ್ಲಿ ಐದು ಪಾಲು ಸಲ್ಫಾಮೆಥಾಕ್ಸಜೋಲ್, ಒಂದು ಪಾಲು ಟ್ರೈಮೆಥೊಪ್ರಿಮ್. ಎರಡನೆಯದು ಅದೇ ದಾರಿಯ ಮುಂದಿನ ಹೆಜ್ಜೆಯನ್ನು ತಡೆಯುತ್ತದೆ. ಕೆಲವರಿಗೆ ಸಲ್ಫಾ ಒಗ್ಗದು, ಮೈಮೇಲೆ ಗಂಧೆ ಏಳುತ್ತದೆ, ಅಪರೂಪಕ್ಕೆ ಜೀವಕ್ಕೇ ಕುತ್ತು. ಮನೆಯಲ್ಲಿ ಯಾರಿಗಾದರೂ ಹಾಗೆ ಆಗಿದ್ದರೆ ಔಷಧಿಯ ಹೆಸರನ್ನು ಬರೆದಿಟ್ಟುಕೊಳ್ಳಿ, ವೈದ್ಯರು ಚೀಟಿ ಬರೆಯುವ ಮುಂಚೆಯೇ ಹೇಳಿ.