ಕಂಟೇನರ್ ಬಿಡಿ, ಬಿಪಿ ಮಾತ್ರೆ ನೋಡಿ

ಪ್ರಶ್ನೆ: ನಾನು ತಿ. ನರಸೀಪುರದಲ್ಲಿ ಶಿಕ್ಷಕಿ. ಅಪ್ಪಾಜಿ ನಂಜನಗೂಡಿನಲ್ಲಿದ್ದಾರೆ. 'ಕೊರೊನಾ ಚೀನಾ ಕಂಟೇನರಲ್ಲಿ ಫ್ಯಾಕ್ಟರಿಗೆ ಬಂತು, ಎಲ್ಲ ಸೇರ್ಕೊಂಡು ಮುಚ್ಚಾಕುದ್ರು' ಅಂತ ಈಗಲೂ ಹೇಳುತ್ತಾರೆ. ನಮ್ಮ ಕಡೆ ಚಿರತೆಗಳನ್ನು ಅರಣ್ಯ ಇಲಾಖೆಯವರೇ ತಂದು ಬಿಟ್ಟರಂತೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಈಗ 'ಕಾಯಿಲೆ ಹಬ್ಬಿಸೋರೂ ಅವ್ರೇ, ಮಾತ್ರೆ ಮಾರೋರೂ ಅವ್ರೇ' ಎಂದು ಬಿಪಿ ಮಾತ್ರೆಯನ್ನೇ ಬಿಟ್ಟಿದ್ದಾರೆ. ಮಾತಾಡಿದರೆ ಜಗಳ. ಏನು ಮಾಡಲಿ?

ಉತ್ತರ: ಅಪ್ಪಾಜಿಯ ಸಂಶಯ ಬುಡವಿಲ್ಲದೆ ಹುಟ್ಟಿದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಕಾಣಿಸಿತು. ಅವರು ವಿದೇಶಕ್ಕೆ ಹೋಗಿಬಂದವರಲ್ಲ. ನೋಡನೋಡುತ್ತಲೇ ಸಹೋದ್ಯೋಗಿಗಳು, ಮನೆಯವರು ಸೇರಿ ಸಂಖ್ಯೆ 70 ದಾಟಿತು. ಮೂಲ ಹುಡುಕಲು ಸರ್ಕಾರ ಐಎಎಸ್ ಅಧಿಕಾರಿ ಹರ್ಷ ಗುಪ್ತ ಅವರನ್ನು ನೇಮಿಸಿತು. ಚೀನಾದಿಂದ ಬಂದ ಸರಕಿನ ಮಾದರಿಯನ್ನು ಪುಣೆಯ ವೈರಾಣು ಸಂಸ್ಥೆಗೆ ಕಳಿಸಿದರೆ ಅದರಲ್ಲಿ ವೈರಸ್ ಸಿಗಲಿಲ್ಲ. ಹಾಗಾದರೆ ಎಲ್ಲಿಂದ ಬಂತು? ಊರಿನವರಿಗೆ ಒಪ್ಪಿಗೆಯಾಗುವಂಥ ಉತ್ತರ ಸಿಗಲೇ ಇಲ್ಲ. ಕಂಟೇನರ್ ಅನುಮಾನಕ್ಕೆ ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ನೆಗೆಟಿವ್ ವರದಿಗೆ ಆ ಭಾಗ್ಯ ಬರಲಿಲ್ಲ. ಸಂಶಯವನ್ನು ಮನೆಬಾಗಿಲಿಗೆ ತಂದಿಟ್ಟವರು ಅದನ್ನು ವಾಪಸ್ ಒಯ್ಯಲು ಬರಲಿಲ್ಲ ನೋಡಿ.

ಆದ್ದರಿಂದ ಕಂಟೇನರ್ ವಾದದಲ್ಲಿ ಗೆಲ್ಲಲು ಹೋಗಬೇಡಿ. 'ಮೂಲ ಯಾವುದು ಅಂತ ನಮಗೆ ಸರಿಯಾಗಿ ಹೇಳಲಿಲ್ಲ, ನಿಜ ಅಪ್ಪಾಜಿ' ಎನ್ನಿ. ಚಿರತೆ ಮಾತೂ ಹಾಗೇ. 2022-23ರಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಕೆಲವೇ ತಿಂಗಳೊಳಗೆ ನಾಲ್ವರು ಚಿರತೆಗೆ ಬಲಿಯಾದರು. ಒಂದು ಕಡೆ ಹಿಡಿದ ಚಿರತೆಯನ್ನು ಇನ್ನೊಂದು ಕಾಡಿಗೆ ಬಿಡುವುದು ಇಲಾಖೆ ಮಾಡುತ್ತ ಬಂದ ಕೆಲಸವೇ. ಅವು ಕಬ್ಬಿನ ಗದ್ದೆಯಲ್ಲೇ ಮರಿ ಹಾಕಿ ನೆಲೆಯೂರುತ್ತವೆ ಎಂಬುದೂ ಅಷ್ಟೇ ನಿಜ. ಅಪ್ಪಾಜಿ ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದಾರೆ.

ಮೊಮ್ಮಕ್ಕಳ ಮುಂದೆ, ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರನ್ನು ತಿದ್ದಬೇಡಿ. ನಗುವ ಹೊತ್ತು ನೋಡಿ 2,000 ರೂಪಾಯಿ ನೋಟಿನ ಚಿಪ್ ಕಥೆ ತೆಗೆಯಿರಿ. ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂದು 2016ರಲ್ಲಿ ಸುದ್ದಿವಾಹಿನಿಗಳೇ ಹೇಳಿದ್ದವು. 2023ರಲ್ಲಿ ಆ ನೋಟನ್ನೇ ರಿಸರ್ವ್ ಬ್ಯಾಂಕ್ ವಾಪಸ್ ಕರೆಯಿತು. ಅಂದು ಎಷ್ಟೋ ಓದಿದವರೇ ನಂಬಿದ್ದರಲ್ಲ, ಹಾಗಾಗಿ ಈ ನಗೆಯಲ್ಲಿ ಅಪ್ಪಾಜಿ ಒಬ್ಬರೇ ಪೆದ್ದರಾಗುವುದಿಲ್ಲ.

ಬಿಪಿಗೆ ಮಾತ್ರ ಇಷ್ಟು ನಿಧಾನ ಸಲ್ಲದು. ಈ ವಾರವೇ ತಾಲ್ಲೂಕು ಆಸ್ಪತ್ರೆಗೋ ಅವರು ನಂಬುವ ಹಳೇ ಡಾಕ್ಟರ ಬಳಿಗೋ ಕರೆದೊಯ್ಯಿರಿ. 'ಮಾತ್ರೆ ತಗೊಳ್ಳಿ' ಎನ್ನುವುದರ ಬದಲು 'ಬಿಪಿ ಎಷ್ಟಿದೆ ಅಂತ ನೀವೇ ನೋಡಿ' ಎನ್ನಿ. ಪ್ರಶ್ನೆಗಳನ್ನೂ ಅವರೇ ಕೇಳಲಿ. ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಹೇಳಿಕೊಡಬೇಡಿ. ಗೊತ್ತಾದರೆ ಅದೊಂದು ಹೊಸ ಪಿತೂರಿಯಾಗುತ್ತದೆ, ಅದಕ್ಕೆ ಸಾಕ್ಷಿಯೂ ಇರುತ್ತದೆ! ಬಿಟ್ಟ ಮಾತ್ರೆಯನ್ನು ಮನೆಯಲ್ಲೇ ಶುರು ಮಾಡಿಸುವುದು ಬೇಡ, ಪ್ರಮಾಣ ಡಾಕ್ಟರೇ ಹೇಳಲಿ. ಅಷ್ಟರೊಳಗೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಎದೆನೋವು ಬಂದರೆ ಅವರ ಒಪ್ಪಿಗೆಗೆ ಕಾಯದೆ 108ಕ್ಕೆ ಕರೆ ಮಾಡಿ.